ಒಡಪಿನೊಳಗಿನ ಹೆಸರು

‘ಕಂಟೆಂಟ್’ ಎಂಬ ಪದ ಕಿವಿಗೆ ಬಿದ್ದರೆ ನನಗೆ ಹೇಸಿಗೆಯಾಗುತ್ತದೆ. ವಿಚಿತ್ರವೆಂದರೆ ಮುಂಡರಗಿಯ ಶಾಲೆಯಲ್ಲಿ ಮಕ್ಕಳಿಗೆ ಇಂಥ ಪದಗಳನ್ನೆಲ್ಲ ಕಲಿಸಿದವಳು ನಾನೇ. ತರಬೇತಿಯಲ್ಲಿ ಕೊಟ್ಟ ಕೈಪಿಡಿ ಹಿಡಿದುಕೊಂಡು, ಶೇರ್ ಎಂದರೆ ಹಂಚಿಕೊಳ್ಳುವುದು, ವೈರಲ್ ಎಂದರೆ ಬಹುಬೇಗ ಬಹಳ ಜನರಿಗೆ ತಲುಪುವುದು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹಂಚಿಕೊಳ್ಳುವುದಂತೆ! ಹಂಚಿಕೊಳ್ಳುವವರು ತಮ್ಮ ಬುತ್ತಿಯನ್ನು ಹಂಚಿಕೊಳ್ಳುತ್ತಾರೆ. ಪರರ ಬುತ್ತಿ ಬಿಚ್ಚಿ ಊರಿಗೆ ಉಣಬಡಿಸುವುದಕ್ಕೆ ಬೇರೆ ಹೆಸರಿದೆ, ಅದನ್ನು ಕೈಪಿಡಿಯಲ್ಲಿ ಹಾಕಿರಲಿಲ್ಲ.

ನಮ್ಮ ಕಡೆ ಹಳೆಯ ಕಾಲದ ಹೆಂಡತಿಯರು ಗಂಡನ ಹೆಸರನ್ನು ಬರಿದೆ ಹೇಳುವುದಿಲ್ಲ. ಮದುವೆಯಾಗಿ ಬಂದ ಸೊಸೆಯನ್ನು ನಾದಿನಿಯರು ಹೊಸ್ತಿಲಲ್ಲೇ ಅಡ್ಡಗಟ್ಟಿ ನಿಲ್ಲಿಸುತ್ತಾರೆ. ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಿದರಷ್ಟೇ ಒಳಗೆ ಪ್ರವೇಶ. ಅದಕ್ಕೆ ಒಡಪು ಎನ್ನುತ್ತಾರೆ. ಹೊಸ ಸೊಸೆಯದು ಮುಗಿದ ಮೇಲೆ ಗಂಡಸರನ್ನು ಆಚೆ ಅಟ್ಟಿ, ಹಳಬರಿಂದಲೂ ಒಂದೊಂದು ಹೇಳಿಸಿ ನಗಾಡುವುದು ವಾಡಿಕೆ.

ನನ್ನ ತಾಯಿಯ ಅಕ್ಕ, ನಮ್ಮ ದೊಡ್ಡವ್ವ, ಒಡಪಿಗೆ ಹೆಸರಾದವಳು. ಹುಟ್ಟಿದ್ದು ಸಿಂಗಟಾಲೂರಿನ ಹೊಳೆದಂಡೆಯಲ್ಲಿ, ಕೊಟ್ಟಿದ್ದು ಹಿರೇವಡ್ಡಟ್ಟಿಗೆ. ನನ್ನ ಕಿರಿಯ ತಮ್ಮನ ಮದುವೆಯಲ್ಲಿ ಹೆಂಗಸರೆಲ್ಲ ದುಂಬಾಲು ಬಿದ್ದಾಗ, ಸೆರಗನ್ನು ಬಾಯಿಗೆ ಒತ್ತಿಕೊಂಡು ಹೇಳಿದ್ದಳು:

‘ಹೊಳಿ ದಾಟಾಕ ಹರಿಗೋಲ ಬೇಕ,
ಚಳಿ ದಾಟಾಕ ನನಗ ನಮ್ಮ… ಅವರ ತೋಳ ಬೇಕ.’

ನಡುವೆ ಖಾಲಿ ಬಿಟ್ಟಲ್ಲಿ ದೊಡ್ಡಪ್ಪನ ಹೆಸರಿತ್ತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಈಗಾಗಲೇ ಬೇಕಾದಷ್ಟು ಜನ ಬಾಯಿ ಹಾಕಿದ್ದಾರೆ.

ಅಂದು ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ದೊಡ್ಡಪ್ಪ ಹೊರಗೆ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ, ಅವನಿಗೆ ಕೇಳಿಸಿರಲಿಲ್ಲ. ಕೆಲವು ವರ್ಷಕ್ಕೆ ಅವನು ತೀರಿಕೊಂಡ. ಗಂಡ ಸತ್ತವಳಿಗೆ ಯಾರೂ ಒಡಪು ಹಾಕೆನ್ನುವುದಿಲ್ಲ. ಹಾಗಾಗಿ ಆ ಹೆಸರು ದೊಡ್ಡವ್ವನ ಬಾಯಲ್ಲಿ ಮತ್ತೆ ಬರಲಿಲ್ಲ.

ಹೋದ ವರ್ಷ ಕಣ್ಣು ತೋರಿಸಲೆಂದು ಬಸ್ಸು ಹತ್ತಿ ಮುಂಡರಗಿಗೆ ಬಂದವಳು ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಳು. ಚಹಾ ಆರಿ ಹೋಯಿತು. ಆಮೇಲೆ ಕೇಳಿದಳು:

“ಬಸ್ಸಿನಾಗ ಮುಂದಿನ ಸೀಟಿನ್ಯಾಗ ಕಾಲೇಜ ಹುಡುಗ್ಯಾರು ಕುಂತಿದ್ರು. ಫೋನಿನ್ಯಾಗ ಒಬ್ಬಾಕಿ ಬಾಯಿ ಆಡಸಾಕತ್ತಿದ್ಲು. ದನಿ ನಂದು. ನನ್ನ ದನಿ ಅಕಿ ಬಾಯಾಗ ಹೆಂಗ ಹೋತು?”

ನಾನು ಫೋನಿನಲ್ಲಿ ಹುಡುಕಿದೆ. ಹುಡುಕುವ ಶ್ರಮವೇ ಬೇಕಾಗಲಿಲ್ಲ. ತುಟಿಗೆ ಬಣ್ಣ ಬಳಿದುಕೊಂಡ ಹುಡುಗಿ, ಲುಂಗಿಯನ್ನೇ ಸೆರಗು ಮಾಡಿ ಹೊದ್ದ ಗಂಡಸು, ದಿಂಬನ್ನು ಅಪ್ಪಿಕೊಂಡು ಕಣ್ಣು ಹೊಡೆಯುವ ಇನ್ನೊಬ್ಬ. ಎಲ್ಲರ ಬಾಯಿಂದಲೂ ದೊಡ್ಡವ್ವನ ದನಿ, ಎಲ್ಲರ ಬಾಯಲ್ಲೂ ದೊಡ್ಡಪ್ಪನ ಹೆಸರು. ಕೆಳಗೆ ‘ಒರಿಜಿನಲ್ ಆಡಿಯೋ’ ಎಂದಿತ್ತು. ಒತ್ತಿದರೆ ಮೂಲ ಬಂತು. ಬೆಟಗೇರಿಯಲ್ಲಿರುವ ನನ್ನ ದೊಡ್ಡ ತಮ್ಮನ ಹೆಂಡತಿಯ ಪೇಜು. ಆ ಮದುವೆಯ ದಿನ ಮೂಲೆಯಲ್ಲಿ ನಿಂತು ವಿಡಿಯೋ ಮಾಡಿಕೊಂಡವಳು ಅವಳು.

ಮರುದಿನವೇ ಬೆಟಗೇರಿಗೆ ಹೋದೆ. ಪಡಸಾಲೆಯ ನಡುವೆ ಬಳೆಯ ಆಕಾರದ ದೊಡ್ಡ ದೀಪ ನಿಲ್ಲಿಸಿದ್ದಳು, ರೀಲ್ಸ್ ಮಾಡಲಿಕ್ಕಂತೆ.

“ಬೈಬ್ಯಾಡ್ರಿ ಅಕ್ಕಾರ. ನಮ್ಮ ಸಂಸ್ಕೃತಿ ನಾಕ ಮಂದಿಗೆ ಗೊತ್ತಾಗ್ಲಿ ಅಂತ ಹಾಕೇನಿ. ದೊಡ್ಡವ್ವಾರು ಈಗ ಫೇಮಸ್ ಆಗ್ಯಾರ” ಎಂದಳು.

“ಅಕಿನ್ನ ಕೇಳಿದ್ಯಾ?”

“ಕೇಳೋದೇನೈತ್ರಿ. ಮನಿಯವರಲ್ಲೇನು? ಒಳ್ಳೆ ಕಂಟೆಂಟ್ ಇತ್ತು, ಸುಮ್ನ ಫೋನಿನ್ಯಾಗ ಬಿದ್ದಿತ್ತು.”

ಬಿದ್ದಿತ್ತಂತೆ. ದೊಡ್ಡವ್ವ ಹೆಂಗಸರ ನಡುವೆ ಬಾಗಿಲು ಮುಚ್ಚಿಕೊಂಡು ಹೇಳಿದ್ದು ಇವಳಿಗೆ ದಾರಿಯಲ್ಲಿ ಸಿಕ್ಕ ಕಟ್ಟಿಗೆ. ನಾನು ಕಮೆಂಟುಗಳನ್ನು ತೆಗೆದು ಅವಳ ಮುಖಕ್ಕೆ ಹಿಡಿದೆ. ಯಾವನೋ ಬರೆದಿದ್ದ: ‘ಅಜ್ಜಿ, ಇನ್ನೂ ಚಳಿ ಐತೇನು?’ ಅದರ ಪಕ್ಕದಲ್ಲಿ ಇವಳು ಒಂದು ಕೆಂಪು ಹೃದಯ ಒತ್ತಿದ್ದಳು.

“ಇದಕ್ಕ ಹೃದಯ ಯಾಕ ಕೊಟ್ಟಿ?”

“ಬರದವ್ರಿಗೆಲ್ಲಾ ಕೊಡಬೇಕ್ರಿ. ಇಲ್ಲಾಂದ್ರ ರೀಚ್ ಬಿದ್ದ ಹೋಗ್ತೈತಿ, ಭಾಳ ಮಂದಿಗೆ ಮುಟ್ಟೂದಿಲ್ಲ.”

ಅವಳು ಕೆಟ್ಟವಳಲ್ಲ. ಜ್ವರ ಬಂದಾಗ ಇದೇ ದೊಡ್ಡವ್ವನಿಗೆ ಗಂಜಿ ಕುಡಿಸಿದವಳು ಅವಳು. ಅಂಥವಳು ಅದೇ ಕೈಯಿಂದ ಆ ಹೃದಯ ಒತ್ತಿದ್ದಳು, ಒತ್ತುವಾಗ ಏನೂ ಅನ್ನಿಸಿರಲಿಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಇಲ್ಲಿ ಬೆಕ್ಕಿಗೆ ತಾನು ಬೆಕ್ಕೆಂದೇ ಗೊತ್ತಿರಲಿಲ್ಲ.

ನನ್ನೆದುರಿಗೇ ಡಿಲೀಟ್ ಮಾಡಿದಳು. ಡಿಲೀಟ್ ಎಂದರೆ ಅಳಿಸಿಹಾಕುವುದು ಎಂದು ನಾನು ಮಕ್ಕಳಿಗೆ ಬರೆಸಿದ್ದೆ. ಶುದ್ಧ ಸುಳ್ಳು. ಇಳಿಸಿಕೊಂಡವರು, ಮತ್ತೆ ಹಾಕಿದವರು, ಅದಕ್ಕೆ ಡೊಳ್ಳಿನ ಸದ್ದು ಸೇರಿಸಿದವರು ಎಲ್ಲೆಲ್ಲೋ ಇದ್ದರು. ಕೆಲವರಿಗೆ ಬರೆದು ಬೇಡಿಕೊಂಡೆ. ಒಬ್ಬ ‘ಕೂಲ್ ಆಂಟಿ’ ಎಂದು ಉತ್ತರಿಸಿದ.

“ಅಳಿಸಿದ್ರ?” ಎಂದು ದೊಡ್ಡವ್ವ ಕೇಳಿದಾಗ ಹೂಂ ಎಂದೆ. ಅವಳು ನಂಬಿದಳು.

ಆಮೇಲೆ ಶಿರಹಟ್ಟಿಯಲ್ಲಿ ಸಂಬಂಧಿಕರ ಮದುವೆ ಬಂತು. ವರನ ಮನೆಯವರು ನಮ್ಮವರು. ನಾನೇ ಒತ್ತಾಯ ಮಾಡಿ ದೊಡ್ಡವ್ವನನ್ನು ಕರೆದುಕೊಂಡು ಹೋದೆ. ಸಂಜೆ ಹೊಸ ಸೊಸೆ ಹೊಸ್ತಿಲಿಗೆ ಬಂದಳು, ನಾದಿನಿಯರು ಅಡ್ಡ ನಿಂತರು. ಈಗ ಅಡ್ಡಗಟ್ಟಲು ಒಂದೇ ಕೈ, ಇನ್ನೊಂದರಲ್ಲಿ ಫೋನು. ದೊಡ್ಡವ್ವ ಹಿಂದೆ ಗೋಡೆಗೆ ಒರಗಿ, ನಗುಮುಖ ಮಾಡಿಕೊಂಡು ಕಾಯುತ್ತಿದ್ದಳು.

ಹುಡುಗಿ ಹೆದರಿದ್ದಳು. ಮುಂಜಾನೆಯಿಂದ ಉಪವಾಸ, ಮೇಲೆ ಇಷ್ಟು ಕಣ್ಣು. ‘ಹೊಳಿ ದಾಟಾಕ ಹರಿಗೋಲ ಬೇಕ’ ಎಂದು ಶುರುಮಾಡಿದಾಗಲೇ ನಾನು ದೊಡ್ಡವ್ವನ ಕಡೆ ತಿರುಗಿದೆ. ಎರಡನೆಯ ಸಾಲಿಗೆ ತನ್ನ ಗಂಡನ ಹೆಸರು ಸೇರಿಸಬೇಕಿತ್ತು. ಕೇಳಿ ಕೇಳಿ ನಾಲಿಗೆಗೆ ಹತ್ತಿದ್ದು ಹಾಗೆಯೇ ಜಾರಿತು. ದೊಡ್ಡಪ್ಪನ ಹೆಸರು ಹೇಳಿಬಿಟ್ಟಳು.

ನಗೆಯೋ ನಗೆ. ವರನ ಮುಖ ಕೆಂಪಾಯಿತು. “ಏ, ಕಟ್ ಮಾಡಬ್ಯಾಡ, ಇದ ಓಡ್ತೈತಿ” ಎಂದು ಯಾರೋ ಕೂಗಿದರು. ಹುಡುಗಿ ಅಳತೊಡಗಿದಳು. ನಾನು ಅವಳ ಹತ್ತಿರ ಹೋಗಿ, ಅದು ಅಲ್ಲಿ ಗೋಡೆಗೆ ನಿಂತವರ ಯಜಮಾನರ ಹೆಸರವ್ವ ಎಂದೆ. ಅವಳು ಕಣ್ಣೊರೆಸಿಕೊಳ್ಳುತ್ತ ನನ್ನನ್ನು ನೋಡಿದಳು.

“ಅದು ಖರೇ ಮನಷ್ಯಾರ ಹೆಸರೇನ್ರಿ? ಆ ಆಡಿಯೋದಾಗಿಂದು ಅಂತ ತಿಳಕೊಂಡಿದ್ನಿ.”

ದೊಡ್ಡವ್ವನಿಗೆ ಅದೂ ಕೇಳಿಸಿತು. ನನ್ನ ಸುಳ್ಳೂ ಅಲ್ಲಿಗೆ ಬಯಲಾಯಿತು. ಅವಳು ಮುಂದೆ ಬಂದು ಹುಡುಗಿಯ ತಲೆ ಸವರಿ, “ಹೋಗವ್ವಾ, ಒಳಗ ಹೋಗು” ಎಂದಳು. ಉಣ್ಣಲಿಕ್ಕೆ ಕೂರಲಿಲ್ಲ.

ಮರಳುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಮದುವೆಮನೆಯ ವಿಡಿಯೋ ಆಗಲೇ ಬಂದಿರುತ್ತದೆಂದು ಗೊತ್ತಿದ್ದೇ ನಾನು ಫೋನು ತೆಗೆಯಲಿಲ್ಲ.

“ಎಲ್ಲಾರೂ ಅಂತಾರ. ನಾ ಒಬ್ಬಾಕಿ ಯಾಕ ಬಾಯಿ ಕಟ್ಟಿಕೊಂಡು ಕುಂಡ್ರಲಿ” ಎಂದಳು.

ನಾನು ಏನು ಎಂದು ಕೇಳುವ ಮೊದಲೇ ದೊಡ್ಡಪ್ಪನ ಹೆಸರು ಹೇಳಿದಳು. ಪ್ರಾಸವಿಲ್ಲ, ಸೆರಗು ಬಾಯಿಗೆ ಹೋಗಲಿಲ್ಲ, ‘ಅವರು’ ಎಂದೂ ಸೇರಿಸಲಿಲ್ಲ. ಬಾಜೂ ಮನೆಯ ಹುಡುಗನನ್ನು ಕರೆದಂತೆ ಬರೀ ಹೆಸರು. ಮತ್ತೊಮ್ಮೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, “ಏನೂ ಅನಸವಲ್ತು ನೋಡು” ಎಂದಳು.