ಅವ್ವನ ಮಾತಿಗಿಟ್ಟ ಜಾಗ

ಅವ್ವ ತೀರಿಕೊಂಡು ವರ್ಷವಾಗಿತ್ತು. ಮಧುಗಿರಿಯ ನಮ್ಮ ಮನೆಯಲ್ಲಿ ಮೂವರು ಅಣ್ಣತಮ್ಮಂದಿರಿಗೂ ಸೇರಿ ಒಂದೇ ಕಂಪ್ಯೂಟರು. ಅದರ ಹಳೆಯ ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡತೊಡಗಿತು. ರೆಕಾರ್ಡ್ ಮಾಡಿಟ್ಟಿದ್ದ ಅವ್ವನ ಮಾತುಗಳಿದ್ದದ್ದು ಅದರಲ್ಲೇ. ಅವರೆಕಾಯಿ ಸುಲಿಯುತ್ತ ತವರಾದ ಮದಲೂರಿನ ಕೆರೆ ಕೋಡಿ ಬಿದ್ದ ಕತೆ ಹೇಳಿದ್ದಳು, ನಡುನಡುವೆ ನಮ್ಮನ್ನು ಬೈದಿದ್ದಳು. ಬೇರೆಲ್ಲೂ ನಕಲಿರಲಿಲ್ಲ. ಭಾನುವಾರ ಬೆಳಿಗ್ಗೆಯೇ ಹೊಸ ಡಿಸ್ಕ್ ತಂದು ಜೋಡಿಸಿದೆ.

ಫಾರ್ಮ್ಯಾಟ್ ಮಾಡಿ ಕಾಪಿಗೆ ಹಾಕಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಡಿಸ್ಕನ್ನು ಭಾಗ ಮಾಡಲು ಕೂತೆನೋ ಇಲ್ಲವೋ, ಅಣ್ಣನೂ ತಮ್ಮನೂ ಕುರ್ಚಿ ಎಳೆದುಕೊಂಡು ಬಂದರು. ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವ ಅಣ್ಣ, ಹಿರಿಯನಾದ್ದರಿಂದ ಮೊದಲ ಡ್ರೈವು ತನಗೇ ಬೇಕು, ಅದೂ ಒಂದು ಕೈ ದೊಡ್ಡದಿರಬೇಕು ಅಂದ. ತಮ್ಮನದು ಮದುವೆ ವಿಡಿಯೊ ಎಡಿಟ್ ಮಾಡುವ ಕೆಲಸ; ಜಾಗ ಹೆಚ್ಚು ಬೇಕಾದ್ದು ತನಗೆ ಎಂದು ಅವನು ಪಟ್ಟು ಹಿಡಿದ. ಅವ್ವನ ಮಾತಿಗೆ ಐವತ್ತು ಜಿಬಿ ಬೇರೆ ಇಡುತ್ತೇನೆ ಅಂದರೆ ಇಬ್ಬರೂ ಮುಖ ಗಂಟಿಕ್ಕಿದರು. ಅಷ್ಟನ್ನಾದರೂ ಮೊದಲು ಉಳಿಸಿಕೊಳ್ಳೋಣ, ಡಿಸ್ಕ್ ಯಾವಾಗ ಬೇಕಾದರೂ ಕೈಕೊಡಬಹುದು ಅಂದೆ. ಅಣ್ಣ ಕೇಳಲಿಲ್ಲ.

"ಮೊದ್ಲು ಇತ್ಯರ್ಥ ಆಗ್ಲಿ. ಆಮೇಲೆ ತುಂಬ್ಸು."

ಹೊಲದ ಬದುವಿಗೆ ಕಿತ್ತಾಡುವವರನ್ನು ಕಂಡಿದ್ದೇನೆ. ಕಣ್ಣಿಗೇ ಕಾಣದ ಜಾಗಕ್ಕೆ ಹೀಗೆ ಬಾಯಿಬಿಟ್ಟವರನ್ನು ಕಂಡಿರಲಿಲ್ಲ. ಹೇಸಿಗೆಯಾಯಿತು. ಮೂರು ಸಲ ಭಾಗ ಮಾಡಿದೆ, ಮೂರು ಸಲ ಅಳಿಸಿದೆ. ಪಕ್ಕದಲ್ಲಿ ಹಳೆಯ ಡಿಸ್ಕು ಕಟಕಟ ಅನ್ನುತ್ತಲೇ ಇತ್ತು, ಅದು ಅವರ ಕಿವಿಗೆ ಬೀಳಲೇ ಇಲ್ಲ.

ಸಂಜೆಗೆ ಹೇಗೋ ರಾಜಿಯಾಯಿತು. ಫಾರ್ಮ್ಯಾಟ್ ಮುಗಿಸಿ ಅವ್ವನ ಫೋಲ್ಡರನ್ನು ಕಾಪಿಗೆ ಹಾಕಿದೆ. ಒಂದೂ ಫೈಲು ಈ ಕಡೆ ಬರಲಿಲ್ಲ, ಹಳೆಯ ಡಿಸ್ಕು ನಿಂತೇ ಹೋಯಿತು. ಕೇಬಲ್ ಬದಲಿಸಿದೆ, ತುಮಕೂರಿಗೂ ಒಯ್ದು ತೋರಿಸಿದೆ. ಏನೂ ಸಿಗಲಿಲ್ಲ.

ಒಂದು ವಾರ ಕಳೆಯಿತು. ಆಮೇಲೆ ಒಂದು ಮಧ್ಯಾಹ್ನ ಅಣ್ಣ ಮುದ್ದೆ ಮುರಿಯುತ್ತ, ತಟ್ಟೆಯಿಂದ ತಲೆ ಎತ್ತದೆ ಹೇಳಿದ.

"ಅವ್ವುನ್ ಜಾಗ ಸುಮ್ನೆ ಖಾಲಿ ಬಿದ್ದೈತಲ್ಲ ಕಣ್ಲಾ. ಅದ್ನೂ ಹಂಚ್ಬುಡು."

ತಮ್ಮ ಹೂಂ ಅಂದ. ಇಬ್ಬರ ಮುಖಕ್ಕೂ ಉಗಿಯಬೇಕಿತ್ತು. ಉಗಿಯಲಿಲ್ಲ. ಕೈ ತೊಳೆದುಕೊಂಡು ಬಂದು ಕಂಪ್ಯೂಟರಿನ ಮುಂದೆ ಕೂತೆ, ಐವತ್ತನ್ನು ಮೂರು ತುಂಡು ಮಾಡಿದೆ. ಅವರಿಬ್ಬರಿಗೆ ಹದಿನಾರು ಹದಿನಾರು. ಹದಿನೆಂಟು ನನಗೆ.