ಹಳೇ ರಸ್ತೆಯ ರೋಡಕ್ಕ

ಬೆಳಗಿನ ಐದೂವರೆ. ಹಳೇ ರಾಜ್ಯ ಹೆದ್ದಾರಿಯ ಅಂಚಿನಲ್ಲಿ ಮೊಣಕಾಲೂರಿ ಕುಳಿತ ಹೆಂಗಸೊಬ್ಬರು ಗುಂಡಿಯೊಳಗಿನ ಧೂಳನ್ನು ಕಡ್ಡಿಪೊರಕೆಯಿಂದ ಗುಡಿಸುತ್ತಿದ್ದಾರೆ. ಆಮೇಲೆ ಡಾಂಬರು ಬೆರೆಸಿದ ಜಲ್ಲಿ ಸುರಿದು, ಕಬ್ಬಿಣದ ದಮ್ಮಸಿನಿಂದ ಬಡಿಯುತ್ತಾರೆ. "ಧೂಳಿನ ಮೇಲೆ ಡಾಂಬರು ಹಾಕೋದು, ಹುಣ್ಣು ತೊಳೀದೆ ಪಟ್ಟಿ ಕಟ್ಟಿದ ಹಾಗೆ. ನಾಕೇ ದಿನಕ್ಕೆ ಕಿತ್ತು ಬರುತ್ತೆ" ಎನ್ನುತ್ತಾರೆ.

ಕೂಗಳತೆಯ ದೂರದಲ್ಲಿ, ತಂತಿಬೇಲಿಯಾಚೆ, ಆರು ಪಥದ ಹೊಸ ಹೆದ್ದಾರಿ ಭೋರ್ಗರೆಯುತ್ತಿದೆ. ಈಚೆ ಒಂದು ನರಪಿಳ್ಳೆಯೂ ಇಲ್ಲ.

ಎಲ್ಲರ ಬಾಯಲ್ಲೂ ಇವರು ರೋಡಕ್ಕ. ಐವತ್ತೆರಡರ ವಯಸ್ಸು, ರಸ್ತೆ ಗ್ಯಾಂಗಿನಲ್ಲಿ ಇಪ್ಪತ್ತಾರು ವರ್ಷದ ದುಡಿಮೆ. ಹದಿನಾಲ್ಕು ಕಿಲೋಮೀಟರ್ ಇವರ ಪಾಲು. ಒಂಬತ್ತು ಜನರಿದ್ದ ಗ್ಯಾಂಗಿನಲ್ಲಿ ಈಗ ಉಳಿದವರು ಇವರೊಬ್ಬರೇ. ದಿನಕ್ಕೆ ಅರವತ್ತು ಬಸ್ಸು ಓಡಾಡುತ್ತಿದ್ದ ದಾರಿಯಲ್ಲಿ ಈಗ ಎರಡು.

ಗಂಡ ಸಿಕ್ಕಿದ್ದೂ ಈ ರಸ್ತೆಯಲ್ಲೇ. "ಬಸ್ ಡ್ರೈವರ್ ಅವರು. ನಾವು ಕೆಲಸ ಮಾಡೋ ಕಡೆ ಎಲ್ರೂ ಧೂಳೆಬ್ಬಿಸ್ಕೊಂಡು ಹೋದ್ರೆ, ಇವರೊಬ್ರು ನಿಧಾನ ಮಾಡೋರು. ಅಷ್ಟಕ್ಕೇ ಬಿದ್ದುಬಿಟ್ಟೆ ನೋಡಿ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ನಗುತ್ತಾರೆ.

ಈಗ ಗಂಡನ ಬಸ್ಸು ದೊಡ್ಡ ರಸ್ತೆಗೆ ಹೋಗಿದೆ. ದೂರದ ಊರಿನ ಡಿಪೋದಲ್ಲೇ ಅವರ ವಾಸ. ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ವಾರಕ್ಕೆ ಮೂರು ಸಲ, ಹತ್ತೂಕಾಲಿಗೆ, ಬೇಲಿಗೆ ಹಬ್ಬಿದ ಬಳ್ಳಿಯಾಚೆ ಬಸ್ಸಿನ ನೆತ್ತಿ ಮಾತ್ರ ಕಾಣಿಸಿ ಮರೆಯಾಗುತ್ತದೆ. ಆ ಹೊತ್ತಿಗೆ ರೋಡಕ್ಕನ ಕೈ ತಾನಾಗಿ ನಿಲ್ಲುತ್ತದೆ. "ಅಲ್ಲಿ ನಿಲ್ಲಿಸೋ ಹಾಗಿಲ್ಲ. ಪಾಪ, ಅವರೇನು ಮಾಡ್ತಾರೆ?"

ಕಳೆದ ಮಳೆಗಾಲದಲ್ಲಿ ದೊಡ್ಡ ರಸ್ತೆಯಲ್ಲಿ ಟ್ಯಾಂಕರ್ ಮಗುಚಿ, ವಾಹನಗಳೆಲ್ಲ ಈಚೆ ತಿರುಗಿದವು. ಈ ದಾರಿಯ ಹಳೇ ಸೇತುವೆಯ ಮೇಲೆ ಒಮ್ಮೆಗೆ ಒಂದೇ ಗಾಡಿ ಹಿಡಿಯುತ್ತದೆ. ಕೆಂಪು, ಹಸಿರು ಬಾವುಟ ಹಿಡಿದು, ನೆನೆಯುತ್ತಲೇ ಏಳು ಗಂಟೆ ಕಾಲ ನಿಂತು ಎಲ್ಲವನ್ನೂ ದಾಟಿಸಿದವರು ರೋಡಕ್ಕ. ಸಾಲಿನಲ್ಲಿ ಗಂಡನ ಬಸ್ಸೂ ಬಂತು.

"'ಊಟ ಆಯ್ತೇನೇ?' ಅಂದ್ರು. ಇಲ್ಲ ಅಂದೆ. ತಮ್ಮ ಡಬ್ಬೀನ ಕಿಟಕಿಯಿಂದ ಕೊಟ್ರು. ಇನ್ನೊಂದು ಮಾತಾಡೋಣ ಅಂದ್ರೆ ಹಿಂದೆ ಲಾರಿಯೋರ ಹಾರ್ನು. ಹಸಿರು ತೋರಿಸಿಬಿಟ್ಟೆ." ಜಲ್ಲಿಯ ಮೇಲೆ ದಮ್ಮಸಿನಿಂದ ಮತ್ತೊಂದೇಟು ಬಡಿಯುತ್ತಾರೆ. "ಗಂಡ ಅಂತ ಎರಡು ನಿಮಿಷ ಜಾಸ್ತಿ ನಿಲ್ಲಿಸೋಕಾಗುತ್ತಾ?"

ಮರುದಿನ ದೊಡ್ಡ ರಸ್ತೆ ತೆರೆಯಿತು. ಇಲ್ಲಿ ಮತ್ತೆ ಎರಡೇ ಬಸ್ಸು. ಇವರನ್ನೂ ದೊಡ್ಡ ರಸ್ತೆಯ ಕೆಲಸಕ್ಕೆ ಹಾಕುತ್ತೇವೆಂದು ಇಲಾಖೆಯ ಸಾಹೇಬರು ಹೇಳಿದಾಗ, ರೋಡಕ್ಕ ಒಲ್ಲೆ ಎಂದರು.

ಅವರ ಗಂಡನ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಆಮೇಲೇನು ಎಂದು ಕೇಳಿದರೆ ನಾಚಿಕೆಯಿಂದ ಪೊರಕೆ ಎತ್ತಿಕೊಳ್ಳುತ್ತಾರೆ. "ಸೈಕಲ್ಲಲ್ಲಿ ಹಿಂದೆ ಕೂರಿಸ್ಕೊಂಡು ಈ ದಾರಿ ಪೂರ್ತಿ ಒಂದ್ಸಲ ಕರ್ಕೊಂಡು ಹೋಗಿ ಅಂತ ಕೇಳ್ಬೇಕು. ಎಲ್ಲೂ ಒಂದು ಚೂರೂ ಕುಲುಕಲ್ಲ, ಬೇಕಾದ್ರೆ ನೋಡಿ."