ಬದಲಾಯಿಸದೆ ಬಿಟ್ಟ ಕಂಟ್ರೋಲರ್

ಅವನನ್ನು ಎಲ್ಲರೂ ಸೋಲಾರ್ ಮೇಸ್ತ್ರಿ ಎನ್ನುತ್ತಿದ್ದರು. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದ. ರೇಡಿಯೊಗಳು ಮೂಲೆ ಸೇರಿದ ಮೇಲೆ ಏಣಿ ಹೆಗಲಿಗೇರಿಸಿ ಮನೆಗಳ ಮಾಡು ಹತ್ತಿ ಸೋಲಾರ್ ಪ್ಯಾನೆಲ್ ಕೂರಿಸತೊಡಗಿದ. ಗಿರಾಕಿಗಳಿಗೆ ಪಾಠ ಹೇಳುವುದೆಂದರೆ ಅವನಿಗೆ ಬಲು ಖುಷಿ. "ಪ್ಯಾನೆಲ್‌ಗಳ ವ್ಯಾಟ್ ಕೂಡಿಸಿ, ಬ್ಯಾಟರಿ ವೋಲ್ಟ್‌ನಿಂದ ಭಾಗಿಸಿ. ಬಂದ ಆಂಪಿಯರ್‌ಗಿಂತ ಕಂಟ್ರೋಲರ್ ಒಂದು ಕೈ ಮೇಲೇ ಇರ್ಬೇಕು. ಹೊಳೆ ನೀರನ್ನ ಕೊಳಾಯೀಲಿ ಬಿಟ್ರೆ ಕೊಳಾಯಿ ಉಳಿಯುತ್ತಾ?"

ಊರಾಚೆಯ ಆಸ್ಪತ್ರೆಯಲ್ಲಿ ಮಕ್ಕಳ ಲಸಿಕೆ ಇಡುವ ಫ್ರಿಜ್ ಒಂದಿತ್ತು. ಅದಕ್ಕೆ ನೂರಿಪ್ಪತ್ತು ವ್ಯಾಟ್‌ನ ಎರಡು ಪ್ಯಾನೆಲ್, ಇಪ್ಪತ್ನಾಲ್ಕು ವೋಲ್ಟ್ ಬ್ಯಾಟರಿ, ನಡುವೆ ಕರೆಂಟನ್ನು ಹದಮಾಡಿ ಬ್ಯಾಟರಿಗೆ ಬಿಡುವ ಹದಿನೈದು ಆಂಪಿಯರ್ ಕಂಟ್ರೋಲರ್. ಎಲ್ಲವೂ ಇವನೇ ಹಾಕಿದ್ದು. ಮೋಡದ ದಿನಗಳಲ್ಲಿ ಬ್ಯಾಟರಿ ತುಂಬುತ್ತಿಲ್ಲವೆಂದು ಅಂಥದ್ದೇ ಇನ್ನೆರಡು ಪ್ಯಾನೆಲ್ ಜೋಡಿಸಲು ಕರೆದರು. ಈಗ ಲೆಕ್ಕ ಇಪ್ಪತ್ತು ಆಂಪಿಯರ್. ಮೂವತ್ತರ ಕಂಟ್ರೋಲರ್ ಬೇಕು. ಅಂಗಡಿಯಲ್ಲಿ ಇರಲಿಲ್ಲ, ಬರಲು ವಾರ ಎಂದರು. ಆಕಾಶ ಮುಚ್ಚಿಕೊಂಡಿತ್ತು. ಈ ಮೋಡದ ಬಿಸಿಲಿಗೆ ಅಷ್ಟು ಕರೆಂಟ್ ಎಲ್ಲಿ ಬರುತ್ತದೆ ಎಂದುಕೊಂಡು ಹಳೆಯದಕ್ಕೇ ವೈರ್ ಕೊಟ್ಟು ಇಳಿದ. ವಾರ ಕಳೆದು ಹೊಸದು ಬಂತು. ಬೇರೆ ಕೆಲಸಗಳ ನಡುವೆ ಅದು ಅವನ ಚೀಲದಲ್ಲೇ ಉಳಿಯಿತು.

ಎರಡು ದಿನ ರಜೆ ಇದ್ದಾಗ ಮೋಡ ಸರಿದು ಸುಡುಬಿಸಿಲು ಬಿತ್ತು. ಕಂಟ್ರೋಲರ್ ಸುಟ್ಟುಹೋಯಿತು, ಬ್ಯಾಟರಿ ಬರಿದಾಯಿತು. ಮೂರನೆಯ ದಿನ ಬೆಳಿಗ್ಗೆ ನರ್ಸ್ ಬಾಗಿಲು ತೆರೆದಾಗ ಫ್ರಿಜ್ಜಿನೊಳಗೆ ಕೋಣೆಯಷ್ಟೇ ಸೆಕೆ. ಲಸಿಕೆಯೆಲ್ಲ ಹಾಳು.

ಮೇಸ್ತ್ರಿ ಓಡಿಬಂದು ಮುಚ್ಚಳ ಬಿಚ್ಚಿದ. ತಂತಿ ಬಿಗಿಯುವ ಜಾಗ ಕರಗಿ ಕರ್ರಗಾಗಿತ್ತು. ಹೊಸದನ್ನು ಜೋಡಿಸಿ ಹಳೆಯದನ್ನು ಸದ್ದಿಲ್ಲದೆ ಚೀಲಕ್ಕೆ ತುರುಕಿದ. ಹಿಂದೆ ನಿಂತಿದ್ದ ಡಾಕ್ಟರು ನರ್ಸ್ ಮೇಲೆ ರೇಗುತ್ತಿದ್ದರು: "ಫ್ರಿಜ್ ಬಾಗಿಲು ಸರಿಯಾಗಿ ಹಾಕದೇ ಹೋಗಿದ್ದೀರ. ಅದಕ್ಕೇ ಬ್ಯಾಟರಿ ಇಳಿದಿದೆ."

ನರ್ಸ್ ಇವನ ಕಡೆ ತಿರುಗಿದಳು. "ಮೇಸ್ತ್ರಿ, ನೀವಾದ್ರೂ ಹೇಳಿ. ಬಾಗಿಲಿಂದಾನೇ ಹೀಗಾಯ್ತಾ?"

"ಅದೂ ಇರಬಹುದು ಸಿಸ್ಟರ್," ಎಂದ.

ಆ ಮಧ್ಯಾಹ್ನವೇ ಅವಳಿಗೆ ನೋಟಿಸ್ ಕೊಟ್ಟರು. ಮರುದಿನದಿಂದ ಅವಳು ಮನೆಮನೆ ಅಲೆದು, ಲಸಿಕೆಗೆ ಬರಬೇಕಿದ್ದ ತಾಯಂದಿರಿಗೆ ಹತ್ತು ದಿನ ತಡೆಯಲು ಹೇಳುವುದನ್ನು ಮೇಸ್ತ್ರಿ ಬೀದಿಯಲ್ಲಿ ಕಂಡ. ಒಬ್ಬಾಕೆ ಹೊಸ್ತಿಲಲ್ಲೇ ನಿಲ್ಲಿಸಿ ಬೈಯುತ್ತಿದ್ದಳು. ಇವನು ಸೈಕಲ್ ತಿರುಗಿಸಿ ಬೇರೆ ಓಣಿಗೆ ನುಗ್ಗಿದ.

ಆಮೇಲೆ ಊಟ ಸೇರಲಿಲ್ಲ. ಯಾರಾದರೂ "ಮೇಸ್ತ್ರಿ" ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ. ಐದನೆಯ ದಿನ ಹೆಂಡತಿ ಚೀಲ ಒಗೆಯಲು ಕೊಡವಿದಾಗ ಸುಟ್ಟ ಪೆಟ್ಟಿಗೆ ನೆಲಕ್ಕೆ ಬಿತ್ತು.

"ಏನ್ರೀ ಇದು?"

ಹೇಳಿದ. ಬಾಗಿಲಿನ ಮಾತನ್ನೂ ಬಿಡದೆ ಹೇಳಿದ. ಅವಳು ಪೆಟ್ಟಿಗೆಯನ್ನು ಎತ್ತಿ ಅವನ ಮುಂದಿಟ್ಟಳು.

"ಮರೆತಿದ್ದು ಮರೆವು ಅನ್ನೋಣ," ಎಂದಳು. "ಆದ್ರೆ ಆ ಹೆಣ್ಮಗಳು ಕೇಳಿದಾಗ ನಿಮಗೆ ಎಲ್ಲಾ ನೆನಪಿತ್ತಲ್ಲ."

ಅಂಗಿಯನ್ನೂ ಬದಲಾಯಿಸದೆ ಹೊರಟ. ಡಾಕ್ಟರ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು, ವ್ಯಾಟ್, ವೋಲ್ಟ್ ಎಲ್ಲ ಬಿಡಿಸಿ ಹೇಳಿ, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದ. ನೋಟಿಸ್ ರದ್ದಾಯಿತು. ಆಸ್ಪತ್ರೆಯ ಕೆಲಸಕ್ಕೆ ಇನ್ನು ಬರಬೇಡ ಎಂದರು. ಅದರಿಂದ ಅವನ ಮನಸ್ಸು ಹಗುರವೇ ಆಯಿತು.

ನರ್ಸ್ ವರಾಂಡದಲ್ಲಿ ಸಿಕ್ಕಳು.

"ಸಿಸ್ಟರ್, ತಪ್ಪಾಯ್ತು."

"ಯಂತ್ರ ಸುಡುತ್ತೆ ಮೇಸ್ತ್ರಿ, ಅದಕ್ಕೆ ನಂಗೆ ಕೋಪ ಇಲ್ಲ. ಆದ್ರೆ ನಾನೇ ಬಾಗಿಲು ಹಾಕಿಲ್ವೇನೋ ಅಂತ ಐದು ದಿನ ನನ್ನನ್ನೇ ನಾನು ನಂಬಲಿಲ್ಲ. ಮನೇಲಿ ಬೀಗ ಹಾಕಿ ಹಾಕಿ ಎಳೆದು ನೋಡ್ತಿದ್ದೆ."

ಇನ್ನೂ ಹನ್ನೊಂದು ಮನೆಗೆ ತಿಳಿಸುವುದು ಬಾಕಿ ಇತ್ತು. ಜೊತೆಗೆ ಬರಲೇ ಎಂದ. ಅವಳು ಹೊರಟಳು, ಅವನು ಹಿಂದೆ ನಡೆದ. ಪ್ರತಿ ಮನೆಯ ಮುಂದೆಯೂ ಅವಳಿಗಿಂತ ಮೊದಲು ಅವನೇ ಬಾಯಿ ತೆರೆದ: "ಲಸಿಕೆ ಕೆಟ್ಟಿದ್ದು ನನ್ನಿಂದ." ಏಳನೆಯ ಮನೆಯ ಅಜ್ಜಿ ಬೈದ ಬೈಗುಳವನ್ನು ತಲೆತಗ್ಗಿಸಿ ಪೂರ್ತಿ ಕೇಳಿಸಿಕೊಂಡ.